ಒಂದೂವರೆ ಮೊಳ ಬತ್ತಿ

ರಾಜಶ್ರೀಯ ಎಡಗಾಲಿನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು.

ಅವಳು ಕೆಳಗೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ದೋಣಿಯ ಮೂತಿಯಲ್ಲಿ ಎರಡು ಹಲಗೆ ಕೂಡುವ ಸಂದಿಯಿಂದ ನೀರು ಒಳಗೆ ಬರುತ್ತಿತ್ತು. ಯಾಕೆ ಬರುತ್ತಿದೆ ಎಂಬುದು ದೋಣಿಯಲ್ಲಿದ್ದ ಏಳು ಜನರಲ್ಲಿ ಅವಳೊಬ್ಬಳಿಗೇ ಗೊತ್ತು. ಹಿಮ್ಮಡಿಯನ್ನು ಆ ಸಂದಿಯ ಮೇಲೆ ಒತ್ತಿ ಹಿಡಿದು, ಮಡಿಲಲ್ಲಿದ್ದ ತೆಂಗಿನಕಾಯಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ಕೂತಳು.

ಭಾನುವಾರ ಬೆಳಿಗ್ಗೆ. ಕೆರೆಯಲ್ಲಿ ಅಲೆಯೇ ಇರಲಿಲ್ಲ. ಅವಳ ಅಪ್ಪ ಹುಲಗೇಶ ಹಿಂದೆ ನಿಂತು ಹುಟ್ಟು ಹಾಕುತ್ತಿದ್ದ. ನಡುವೆ ಮೀನುಗಾರರ ಸಂಘದ ಅಧ್ಯಕ್ಷ ಉಡಚಪ್ಪ, ಸಂಘದ ಮೂವರು ಸದಸ್ಯರು, ಮತ್ತೆ ದೋಣಿ ಪರೀಕ್ಷೆ ಮಾಡಲು ಬಂದಿದ್ದ ಇಂಜಿನಿಯರ್ ವಿಜಯೀಂದ್ರ ಸಾಹೇಬರು ಕೂತಿದ್ದರು. ಅಜ್ಜ ಗುಡ್ಡಪ್ಪ ದಂಡೆಯ ಕಲ್ಲಿನ ಮೇಲೆ ಕೋಲು ಊರಿಕೊಂಡು ಕೂತಿದ್ದ. ಮೊಣಕಾಲು ಹೋದ ಮೇಲೆ ಅವನು ನೀರಿಗೆ ಇಳಿದಿರಲಿಲ್ಲ.

ಅಜ್ಜನ ಪಕ್ಕದಲ್ಲೇ ಹಳದಿ ಬಣ್ಣದ ಫೈಬರ್ ದೋಣಿಯೊಂದು ಫಳಫಳ ಹೊಳೆಯುತ್ತ ನಿಂತಿತ್ತು. ಅದು ಆಗಲೇ ಒಂದು ಸುತ್ತು ಹಾಕಿ ಬಂದಿತ್ತು. ಸಂಘಕ್ಕೆ ಹನ್ನೆರಡು ಹೊಸ ದೋಣಿ ಬೇಕು. ಫೈಬರ್ ತರಿಸುವುದೋ, ಹುಲಗೇಶನ ಅಡ್ಡೆಯಲ್ಲಿ ಮರದ ದೋಣಿ ಕಟ್ಟಿಸುವುದೋ ಎಂದು ಈ ಸುತ್ತು ಮುಗಿದ ಮೇಲೆ ಕೈ ಎತ್ತಿಸಿ ತೀರ್ಮಾನ ಮಾಡುವುದಿತ್ತು. ಹನ್ನೆರಡು ದೋಣಿ ಎಂದರೆ ಎರಡು ವರ್ಷ ಕೈತುಂಬ ಕೆಲಸ. ಬೇಡವೆಂದರೆ ಅಡ್ಡೆಗೆ ಬೀಗ. ಇದನ್ನು ಮನೆಯಲ್ಲಿ ಯಾರೂ ರಾಜಶ್ರೀಯನ್ನು, ಮನೆಯವರ ರಾಜಿಯನ್ನು, ಕೂರಿಸಿಕೊಂಡು ಹೇಳಿರಲಿಲ್ಲ. ಹೇಳದಿದ್ದರೂ ಐದನೇ ಕ್ಲಾಸಿನ ಹುಡುಗಿಗೆ ಕಿವಿ ಇರುತ್ತವಲ್ಲ.

ಇಷ್ಟು ದೊಡ್ಡವರ ನಡುವೆ ಅವಳು ಮೂತಿಯಲ್ಲಿ ಕೂತಿದ್ದೇಕೆ? ಅದು ಆ ಅಡ್ಡೆಯ ಪದ್ಧತಿ. ಹೊಸ ದೋಣಿ ಮೊದಲ ಸಲ ನೀರಿಗೆ ಇಳಿಯುವಾಗ ಕಟ್ಟಿದವರ ಮನೆಯ ಹೆಣ್ಣುಮಗು ಮುಂದೆ ಕೂರಬೇಕು. ಗಂಗವ್ವನಿಗೆ ಒಡೆಯುವ ಕಾಯಿ ಅವಳ ಮಡಿಲಲ್ಲಿರಬೇಕು. ಅಜ್ಜ ಹೇಳುತ್ತಿದ್ದ, "ಬ್ಯಾರೆದವರು ಗ್ಯಾರಂಟಿ ಅಂತ ಬಾಯಿಲೆ ಹೇಳ್ತಾರ. ನಾವು ಮಗಳನ್ನ ಕುಂಡ್ರಸ್ತೇವಿ."

ಮೊದಲು ಅಜ್ಜನ ತಂಗಿ ಕೂತಿದ್ದಳಂತೆ. ಆಮೇಲೆ ಅಪ್ಪನ ಅಕ್ಕ. ಈಗ ರಾಜಿ.

ಅಡ್ಡೆಯ ಕತೆ ಶುರುಮಾಡಿದರೆ ಅಜ್ಜನ ಬಾಯಿಗೆ ಬ್ರೇಕ್ ಇರಲಿಲ್ಲ. ಅವನ ಅಪ್ಪ ಹಾನಗಲ್ಲ ಕಡೆ ವರದಾ ಹೊಳೆಯ ದಂಡೆಯಲ್ಲಿ ಅಡ್ಡೆ ಹಾಕಿದಾಗ ಸುತ್ತ ಎಲ್ಲೂ ಸೇತುವೆ ಇರಲಿಲ್ಲವಂತೆ. ಅಕ್ಕಿಆಲೂರ ಸಂತೆಗೆ ಹೋಗುವ ಭತ್ತದ ಚೀಲ, ಎತ್ತು, ಬ್ಯಾಂಡ್ ಸಮೇತ ಮದುವೆ ದಿಬ್ಬಣ, ಎಲ್ಲವೂ ದೋಣಿಯಲ್ಲೇ ದಾಟಬೇಕು. ತಡಸದ ಕಡೆಯಿಂದ ಸಾಗವಾನಿ ಮರ ಚಕ್ಕಡಿ ಮೇಲೆ ಬರುತ್ತಿತ್ತು. ಹನ್ನೊಂದು ಆಳು ಕೆಲಸ ಮಾಡುತ್ತಿದ್ದರು. ಒಂದು ದೋಣಿ ನೀರಿಗೆ ಇಳಿಯುವ ಮೊದಲೇ ಮುಂದಿನ ದೋಣಿಗೆ ಜನ ಬಂದು ಕೂತಿರುತ್ತಿದ್ದರು.

ಆಮೇಲೆ ಒಂದು ಕಡೆ ಸೇತುವೆ ಆಯಿತು. ಒಂದು ಹೋದರೆ ಇನ್ನೂ ಹತ್ತು ಕಡೆ ದೋಣಿ ಬೇಕಲ್ಲ ಎಂದು ಅಜ್ಜ ನಕ್ಕನಂತೆ. ನೋಡನೋಡುತ್ತ ಆ ಹತ್ತೂ ಹೋದವು. ಸೇತುವೆಯನ್ನು ಬೈಯಲಿಕ್ಕೂ ಅವನಿಗೆ ಬಾಯಿ ಬರುತ್ತಿರಲಿಲ್ಲ, ಅಜ್ಜಿಗೆ ಹೆರಿಗೆ ನೋವು ಬಂದಾಗ ಅದೇ ಸೇತುವೆ ಮೇಲೆ ಜೀಪಿನಲ್ಲಿ ದವಾಖಾನೆಗೆ ಕರೆದೊಯ್ದಿದ್ದ. ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಮಾಸೂರಿನ ಹತ್ತಿರ ಈ ಕೆರೆಯ ದಂಡೆಗೆ ಬಂದ. ಕೆರೆಗೆ ಯಾರೂ ಸೇತುವೆ ಕಟ್ಟುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮೀನುಗಾರರಿಗೆ ಸಣ್ಣ ದೋಣಿ ಕಟ್ಟುತ್ತ ಬಹಳ ವರ್ಷ ಹೋದವು. ಫೈಬರ್ ಎಂಬುದೊಂದು ಬರುತ್ತದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಆಳುಗಳು ಹನ್ನೊಂದು ಹೋಗಿ ಮೂರಾದರು, ಮೂರು ಹೋಗಿ ಅಪ್ಪ ಒಬ್ಬನೇ ಉಳಿದ.

ಅಪ್ಪ ಒಬ್ಬನೇ ಎಂದರೆ ತಪ್ಪಾದೀತು. ಬತ್ತಿ ಹೊಸೆಯಲು ರಾಜಿ ಇದ್ದಳು.

ಹಲಗೆಗೆ ಹಲಗೆ ಎಷ್ಟೇ ಬಿಗಿಯಾಗಿ ಜೋಡಿಸಿದರೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಹಳೆಯ ಹತ್ತಿ ಸೀರೆಯನ್ನು ಉದ್ದುದ್ದ ಹರಿದು, ದೇವರ ದೀಪದ ಬತ್ತಿ ಹೊಸೆದಂತೆ ಹೊಸೆದು, ಹೊಂಗೆ ಎಣ್ಣೆ ಮತ್ತು ರಾಳದಲ್ಲಿ ಅದ್ದಿ, ಆ ಸಂದಿಗೆ ಉಳಿಯಿಂದ ಬಡಿದು ತುಂಬುತ್ತಾರೆ. ಆಮೇಲೆ ದೋಣಿಯೊಳಗೆ ಕಲ್ಲು ಹೇರಿ ಎಂಟು ದಿನ ನೀರಲ್ಲಿ ಮುಳುಗಿಸಿ ಇಡುತ್ತಾರೆ. ಅದಕ್ಕೆ ನೀರು ಕುಡಿಸುವುದು ಎನ್ನುತ್ತಾರೆ.

"ಹತ್ತಿ ನೀರ ಕುಡದು ಉಬ್ಬತೈತಿ, ಉಬ್ಬಿ ಸಂದಿ ಮುಚ್ಚತೈತಿ," ಎಂದು ಅಜ್ಜ ಅವಳಿಗೆ ಹತ್ತು ಸಲವಾದರೂ ಹೇಳಿದ್ದ. "ನಿಮ್ಮ ಈಗಿನ ಪಾಲಿಸ್ಟರ್ ಅರಬಿ ಐತೆಲ್ಲ, ಅದು ನೀರು ಕಂಡ್ರ ಮಾರಿ ತಿರಗಸ್ತೈತಿ."

ಕಷ್ಟವೆಂದರೆ ಹತ್ತಿ ಸೀರೆ ಸಿಗುತ್ತಿರಲಿಲ್ಲ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಕೊಳ್ಳುವ ಗುಲ್ನಾರ ಚಾಚಿ ಮೊದಲೆಲ್ಲ ಇವರಿಗಾಗಿಯೇ ಹತ್ತಿಯದು ತೆಗೆದಿಡುತ್ತಿದ್ದಳು. ಈಗ ಅವಳ ಗಂಟಿನಲ್ಲಿ ಬರೀ ಪಾಲಿಸ್ಟರ್ ಸೀರೆ, ನೈಟಿ. ಈ ದೋಣಿಗೆಂದು ಅಲ್ಲಿ ಇಲ್ಲಿ ಕೇಳಿ ಆರು ಸೀರೆ ಹೊಂದಿಸಿ ಕೊಟ್ಟಿದ್ದಳು.

ಮೂರು ವಾರದ ಹಿಂದೆ ಒಂದು ಶನಿವಾರ ಅಪ್ಪ ಮೂತಿಯಲ್ಲಿ ಕೊನೆಯ ಸಂದಿ ಬಡಿಯುತ್ತಿದ್ದ. ಅವ್ವ ಮಂಜವ್ವ ಗೋವಿನಜೋಳದ ಕಳೆ ತೆಗೆಯಲು ಹೋಗಿದ್ದಳು. ಅಪ್ಪ ಶೆಡ್ಡಿನಿಂದ ಬತ್ತಿ ತಾ ಎಂದು ಕೂಗಿದಾಗ ರಾಜಿ ಪೆಟ್ಟಿಗೆಗೆ ಕೈ ಹಾಕಿದಳು. ಖಾಲಿ. ಇನ್ನು ಒಂದೂವರೆ ಮೊಳ ಬೇಕಿತ್ತು. ಚಾಚಿಯ ಮನೆಗೆ ಹೋಗಿ ಬರಬೇಕೆಂದರೆ ಎರಡು ಮೈಲಿ. ಅತ್ತ ಶಾಲೆಯ ಮೈದಾನದಲ್ಲಿ ನಾಲ್ಕು ಗಂಟೆಗೆ ಖೋ-ಖೋ ಟೀಮಿನ ಸೆಲೆಕ್ಷನ್. ಗಡಿಯಾರದಲ್ಲಿ ಆಗಲೇ ಮೂರೂವರೆ.

ಗೂಟದಲ್ಲಿ ಅವಳ ಹಳೆಯ ಯೂನಿಫಾರ್ಮ್ ಲಂಗ ತೂಗುತ್ತಿತ್ತು. ನೀಲಿ ಟೆರಿಕಾಟ್. ಈ ವರ್ಷ ಅದು ಸೊಂಟಕ್ಕೆ ಬರುತ್ತಿರಲಿಲ್ಲ.

ಟೆರಿಕಾಟ್ ನೀರಲ್ಲಿ ಉಬ್ಬುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಚೆನ್ನಾಗಿ ಗೊತ್ತಿತ್ತು. ಆದರೆ ಮೂವತ್ತು ಮಾರು ಬತ್ತಿಯಲ್ಲಿ ಒಂದೂವರೆ ಮೊಳ ಏನು ಮಹಾ ಎನ್ನಿಸಿತು. ಕತ್ತರಿಸಿದಳು, ಹೊಸೆದಳು, ರಾಳದಲ್ಲಿ ಅದ್ದಿದಳು. ರಾಳದಲ್ಲಿ ಅದ್ದಿದ ಮೇಲೆ ಎಲ್ಲ ಬಟ್ಟೆಯೂ ಕರಿಯೇ. ಅಪ್ಪ ನೋಡದೆ ಇಸಿದುಕೊಂಡು ಬಡಿದ. ರಾಜಿ ಮೈದಾನಕ್ಕೆ ಓಡಿದಳು. ಟೀಮಿನಲ್ಲಿ ಅವಳ ಹೆಸರೂ ಬಂತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ದೋಣಿ ನೀರು ಕುಡಿಯುತ್ತಿದ್ದ ಎಂಟು ದಿನವೂ ಅವಳು ಶಾಲೆಯಿಂದ ಬಂದವಳೇ ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ದೋಣಿಯನ್ನು ಮೇಲೆತ್ತಿ ತೇಲಿಬಿಟ್ಟಾಗ ಒಂದು ಹನಿ ನೀರೂ ಬರಲಿಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಖಾಲಿ ದೋಣಿಯ ಮೂತಿ ನೀರಿನ ಮೇಲೆ ಎದ್ದು ನಿಂತಿರುತ್ತದೆ, ಜನ ಹತ್ತಿದಾಗ ಕೆಳಗೆ ಇಳಿಯುತ್ತದೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಈಗ ಏಳು ಜನ ಹತ್ತಿದ್ದರು. ಮೂತಿ ಇಳಿದಿತ್ತು.

ಹಿಮ್ಮಡಿ ಜೋಮು ಹಿಡಿಯಿತು. ನೀರು ಪಾದದ ಎರಡೂ ಬದಿಯಿಂದ ನುಸುಳಿ ಹಿಂದಕ್ಕೆ ಹರಿಯತೊಡಗಿತು. ಹೇಳಿಬಿಡಲೇ ಎಂದು ಹಿಂದೆ ತಿರುಗಿದಳು. ಅಪ್ಪ ಸಾಹೇಬರಿಗೆ ಏನೋ ವಿವರಿಸುತ್ತ ನಗುತ್ತಿದ್ದ. ಎಷ್ಟೋ ತಿಂಗಳಿನಿಂದ ಅವನು ಹಾಗೆ ನಕ್ಕಿರಲಿಲ್ಲ. ಅವಳು ಮತ್ತೆ ಮುಂದಕ್ಕೆ ತಿರುಗಿ ಕೂತಳು. ಇನ್ನೊಂದು ಸ್ವಲ್ಪ ದೂರ, ಗಂಗವ್ವಾ, ದಂಡೆ ಮುಟ್ಟುವವರೆಗೆ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಸಾಹೇಬರು ಒಂದು ಬೂಟು ಎತ್ತಿ ಪಕ್ಕಕ್ಕೆ ಇಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಎತ್ತಿದರು. ಆಗ ಉಡಚಪ್ಪ ಬಗ್ಗಿ ನೋಡಿದ.

"ಹುಲಗೇಶ, ನೀರು ಬರಾಕತ್ತೇತಲ್ಲೋ."

ಅಪ್ಪನ ನಗು ಹಾಗೇ ನಿಂತಿತು. ಹೊಸ ದೋಣಿ, ಸ್ವಲ್ಪ ಬರುತ್ತದೆ, ಎರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ ಎಂದ. ಎಂಟು ದಿನ ಕುಡಿಸಿದ್ದೇನೆ ಎಂದು ನೀನೇ ಹೇಳಿದ್ದೆಯಲ್ಲ ಎಂದು ಉಡಚಪ್ಪ ಕೇಳಿದ. ಅಪ್ಪ ಹುಟ್ಟನ್ನು ಒಬ್ಬ ಸದಸ್ಯನ ಕೈಗೆ ಕೊಟ್ಟು, ಮಂಡಿಯೂರಿ ತಂಬಿಗೆಯಿಂದ ನೀರು ಮೊಗೆದು ಚೆಲ್ಲತೊಡಗಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಾಯಿ ಒಡೆಯದೆಯೇ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು.

ದಂಡೆಯಲ್ಲಿ ಸಾಹೇಬರು ಅಪ್ಪನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯರು. ದೋಣಿಯ ಬೆನ್ನ ಮೇಲೆ ಕೈಯಾಡಿಸುತ್ತಲೇ ಮಾತಾಡಿದರು.

"ಕೆಲಸ ಭಾಳ ಛಲೋ ಅದ ಹುಲಗೇಶ. ಆದ್ರ ನೀರು ಬಂತಲ್ಲ, ನಾ ಏನಂತ ಬರೀಲಿ?"

ಉಡಚಪ್ಪ ದಂಡೆಯಲ್ಲಿ ಸೇರಿದ್ದ ಸಂಘದವರ ಕೈ ಎತ್ತಿಸಿದ. ಫೈಬರ್‌ಗೆ ಎಲ್ಲರ ಕೈಯೂ ಎದ್ದವು. ಹೋದ ವಾರ ಮನೆಗೆ ಬಂದು ಚಹಾ ಕುಡಿದು, ನಮ್ಮ ಕೈ ನಿನಗೇ ಎಂದು ಹೋಗಿದ್ದವರ ಕೈಯೂ ಎದ್ದವು. ಅವರದಾದರೂ ಏನು ತಪ್ಪು? ನಾಳೆ ಆ ದೋಣಿಯಲ್ಲಿ ಬಲೆ ಹಿಡಿದು ಕೂರುವವರು ಅವರೇ.

ಅಜ್ಜ ಕಲ್ಲಿನಿಂದ ಎದ್ದ. ಎಲ್ಲರೂ ಹೋಗುವವರೆಗೆ ಕಾದ. ಆಮೇಲೆ ಅಪ್ಪನ ಎದುರು ಬಂದು ನಿಂತ. ಅವನ ಧ್ವನಿ ದೊಡ್ಡದಾಗಿರಲಿಲ್ಲ.

"ನಾ ಸೇತುವೆ ಮುಂದ ಸೋತೇನಿ. ಇನ್ನ ಈ ಫೈಬರ್ ಮುಂದ ಸೋತ್ರೂ ನನಗೇನು ನಾಚಿಕಿಲ್ಲ. ಆದ್ರ ಗುಡ್ಡಪ್ಪನ ದೋಣಿ ಸೋರತೈತಿ ಅಂತ ಇವತ್ತಿನ ತನಕ ಯಾರೂ ಅಂದಿದ್ದಿಲ್ಲ. ಅಡಿಕ್ಯಾಗ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಹುಲಗ್ಯಾ."

ರಾಜಿ ಅಲ್ಲೇ ನಿಂತಿದ್ದಳು. ಒದ್ದೆ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಧ್ಯಾಹ್ನ ಅಪ್ಪ ದೋಣಿಯನ್ನು ಶೆಡ್ಡಿನಲ್ಲಿ ಬೋರಲು ಹಾಕಿದ. ರಾಜಿ ತಗಡಿನ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಅವನು ಮೂತಿಯ ಸಂದಿಗೆ ಉಳಿ ಹಾಕಿ ಬತ್ತಿಯನ್ನು ಎಳೆದು ತೆಗೆದ. ಅದು ಉಬ್ಬಿರಲಿಲ್ಲ, ಸಲೀಸಾಗಿ ಬಂತು. ಬೆರಳಿನಿಂದ ಬಿಡಿಸಿ ನೋಡಿದ. ಒಳಗೆ ನೀಲಿ ಕಂಡಿತು.

ಅಪ್ಪ ಅದನ್ನು ಹಿಡಿದುಕೊಂಡೇ ಒಮ್ಮೆ ಮನೆಯ ಕಡೆ ತಿರುಗಿದ. ಅವನು ಎದ್ದು ರಾಳ ಕಾಯಿಸುವ ಒಲೆಗೆ ಬೆಂಕಿ ಮಾಡಿ, ಆ ಒಂದೂವರೆ ಮೊಳವನ್ನೂ ಒಳಗೆ ತುರುಕಿದ. ಅದು ಚಟಪಟ ಎಂದು ಉರಿದು ಹೋಯಿತು.

ಸಂಜೆ ಅಜ್ಜ ಎಲ್ಲಿ ಸೋರಿತು ಎಂದು ಕೇಳಿದ. ಮೂತಿಯ ಸಂದಿಯಲ್ಲಿ, ನಾನು ಬತ್ತಿ ಗಟ್ಟಿಯಾಗಿ ಬಡಿದಿರಲಿಲ್ಲ, ಕೈ ತಪ್ಪಿತು ಎಂದ ಅಪ್ಪ. ಅಜ್ಜ ಮುಖ ತಿರುಗಿಸಿದ. ಅವತ್ತಿನಿಂದ ಅವನು ಮಗನ ಜೊತೆ ಮಾತು ಬಿಟ್ಟ.

ಒಂದೇ ಸೂರಿನ ಕೆಳಗೆ ಇಬ್ಬರು ಮಾತು ಬಿಟ್ಟರೆ ಆ ಮನೆ ಹೇಗಿರುತ್ತದೆ ಎಂದು ಇದ್ದವರಿಗೇ ಗೊತ್ತು. ಅಜ್ಜನಿಗೆ ಏನಾದರೂ ಬೇಕಾದರೆ ಅವ್ವನ ಕಡೆಯಿಂದ ಹೇಳಿಸುತ್ತಿದ್ದ. ಅಪ್ಪ ಉಳಿ, ಗರಗಸಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಹಿರೇಕೆರೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗತೊಡಗಿದ. ಸ್ಲ್ಯಾಬು ಹಾಕಲು ಹಲಗೆ ಹೊಡೆಯುವುದು, ಸ್ಲ್ಯಾಬು ಗಟ್ಟಿಯಾದ ಮೇಲೆ ಅದೇ ಹಲಗೆ ಕಿತ್ತು ಎಸೆಯುವುದು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುತ್ತಿದ್ದ.

ರಾಜಿ ಬೈಗುಳಕ್ಕಾಗಿ ಕಾದಳು. ಇವತ್ತು ಬೈಯುತ್ತಾನೆ, ನಾಳೆ ಹೊಡೆಯುತ್ತಾನೆ ಎಂದುಕೊಂಡಳು. ಒಂದು ದಿನ ತಾನೇ ಹೇಳಿಬಿಡಬೇಕೆಂದು ಬಸ್ ಸ್ಟ್ಯಾಂಡಿನವರೆಗೆ ಅವನ ಹಿಂದೆಯೇ ಹೋದಳು. ಅಪ್ಪಾ, ಆ ಬತ್ತಿ, ಎನ್ನುವಷ್ಟರಲ್ಲಿ ಅವನು ಬಸ್ ಬಂತು ಎಂದ. ಬಸ್ ಇನ್ನೂ ತಿರುವಿನಲ್ಲೇ ಇತ್ತು. ಖೋ-ಖೋ ಟೀಮಿಗೆ ಅವಳು ಹೋಗುವುದನ್ನು ಬಿಟ್ಟಳು. ಟೀಚರ್ ಯಾಕೆ ಎಂದು ಕೇಳಿದರೆ ಕಾಲು ನೋವು ಎಂದಳು.

ಒಂದು ತಿಂಗಳು ಕಳೆದ ಮೇಲೆ ಲಾರಿ ಬಂತು. ಹನ್ನೆರಡು ಹಳದಿ ದೋಣಿಗಳು ಬಕೆಟ್ಟುಗಳ ಹಾಗೆ ಒಂದರೊಳಗೊಂದು ಕೂತಿದ್ದವು. ಹುಡುಗರೆಲ್ಲ ಲಾರಿಯ ಹಿಂದೆ ಓಡಿದರು. ಅಜ್ಜ ಕಟ್ಟೆಯ ಮೇಲೆ ಕೂತು ನೋಡಿದ. "ಇಡೀ ಅಡ್ಡೇನ ಮುಳುಗಿಸಿಬಿಟ್ಟ ನನ್ನ ಮಗ," ಎಂದು ಯಾರಿಗೂ ಅಲ್ಲದೆ ಹೇಳಿದ.

ಇನ್ನು ತಡೆಯಲು ರಾಜಿಯ ಕೈಲಾಗಲಿಲ್ಲ. ಅಜ್ಜನ ಎದುರು ನಿಂತು ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ ಖಾಲಿಯಾಗಿದ್ದು, ಖೋ-ಖೋ, ಟೆರಿಕಾಟ್ ಲಂಗ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಅಳು ಬಂತು.

"ಅಪ್ಪಂದು ತಪ್ಪಿಲ್ಲ ಅಜ್ಜಾ. ಆ ಬತ್ತಿ ನಾ ಹೊಸದದ್ದು."

ಅಜ್ಜ ಅವಳನ್ನು ಹತ್ತಿರಕ್ಕೆ ಎಳೆದುಕೊಂಡು ಧೋತರದ ತುದಿಯಿಂದ ಕಣ್ಣು ಒರೆಸಿದ. ರಾಜಿಗೆ ಎದೆ ಹಗುರಾದಂತಾಯಿತು. ಅದು ಒಂದೇ ಗಳಿಗೆ.

"ಹಿಂಗ ಹೇಳು ಅಂತ ನಿಮ್ಮಪ್ಪ ಹೇಳಿಕೊಟ್ಟಾನ?"

ಇಲ್ಲ, ಇಲ್ಲ ಎಂದಳು. ಆ ಬತ್ತಿ ತೋರಿಸು ಎಂದ ಅಜ್ಜ. ಅದು ಸುಟ್ಟು ಬೂದಿಯಾಗಿತ್ತು. ಒಳಗೆ ಓಡಿಹೋಗಿ ಲಂಗ ತಂದು, ಕತ್ತರಿಸಿದ ಅಂಚನ್ನು ತೋರಿಸಿದಳು. ಅಜ್ಜ ಅದನ್ನು ಮುಟ್ಟಲೂ ಇಲ್ಲ. ಲಂಗವನ್ನು ಯಾವತ್ತು ಬೇಕಾದರೂ ಕತ್ತರಿಸಬಹುದು ಎಂದ. ನನ್ನ ಮೊಮ್ಮಗಳಿಗೆ ನಾನೇ ಬತ್ತಿ ಹೊಸೆಯಲು ಕಲಿಸಿದ್ದೇನೆ, ಅವಳು ಅಂಥ ಕೆಲಸ ಮಾಡುವವಳಲ್ಲ ಎಂದು ಅವಳ ತಲೆ ಸವರಿದ. ಆ ಕೈಯ ಕೆಳಗೆ ರಾಜಿ ಕುಗ್ಗಿಹೋದಳು.

ಅಷ್ಟರಲ್ಲಿ ಅಪ್ಪ ಬಸ್ಸಿಳಿದು ಬಂದ. ಕಾಲಿಗೆಲ್ಲ ಸಿಮೆಂಟು. ಅಜ್ಜ ಒಂದು ತಿಂಗಳ ಮೇಲೆ ಮೊದಲ ಸಲ ಮಗನೊಡನೆ ಮಾತಾಡಿದ.

"ಮಾಡಿದ್ದು ಸಾಕಾಗಲಿಲ್ಲೇನು? ನಿನ್ನ ತಪ್ಪು ಹೊರಾಕ ಈ ಕೂಸಿಗೆ ಸುಳ್ಳು ಕಲಸ್ತಿ?"

ಅಪ್ಪ ಅಜ್ಜನನ್ನು ನೋಡಿದ. ಅಳುತ್ತಿದ್ದ ಮಗಳನ್ನು ನೋಡಿದ. ಅವಳ ಕೈಯಲ್ಲಿದ್ದ ನೀಲಿ ಲಂಗವನ್ನು ನೋಡಿದ.

"ಹೌದು ಯಪ್ಪಾ," ಎಂದ. "ನಾನ ಹೇಳಿಕೊಟ್ಟೆ. ತಪ್ಪಾತು."

ಅಲ್ಲ ಎನ್ನಲು ರಾಜಿ ಬಾಯಿ ತೆರೆದಳು. ಅಪ್ಪ ಅವಳ ಕಡೆ ನೋಡಿ, ಬೇಡ ಎನ್ನುವಂತೆ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದ. ಅಜ್ಜ ಕೋಲು ಹಿಡಿದು ಎದ್ದು, ಮಗನನ್ನು ದಾಟಿಕೊಂಡು ಒಳಗೆ ಹೋದ.

ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು. ಈಗ ಹೇಳಿಯಾಗಿತ್ತು. ಇನ್ನು ಎಷ್ಟು ಸಲ ಹೇಳಿದರೂ ಅಪ್ಪ ಅದನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ, ಅಜ್ಜ ಅಪ್ಪನ ಮಾತನ್ನೇ ನಂಬುತ್ತಾನೆ. ಅವಳು ಮಾತಾಡಿದಷ್ಟೂ ಭಾರ ಬೀಳುವುದು ಅಪ್ಪನ ಮೇಲೆಯೇ.

ಅವಳು ಮೂಗು ಒರೆಸಿಕೊಂಡು ಅಪ್ಪನ ಕೈಯಿಂದ ಬುತ್ತಿಯ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಡಬ್ಬಿ ಭಾರವಿತ್ತು. ತೊಳೆಯಲೆಂದು ಮುಚ್ಚಳ ತೆಗೆದರೆ ಮೂರು ರೊಟ್ಟಿಯಲ್ಲಿ ಎರಡು ಹಾಗೇ ಇದ್ದವು, ಪಲ್ಯ ಮುಟ್ಟಿರಲಿಲ್ಲ.

"ದಿನಾ ಹಿಂಗ ತರ್ತಾನ," ಎಂದಳು ಅವ್ವ ಒಲೆಯ ಮುಂದಿನಿಂದಲೇ, ತಿರುಗಿ ನೋಡದೆ.

ಆ ಭಾನುವಾರದಿಂದ ಊಟ ಸೇರದಿರುವುದು ತನಗೊಬ್ಬಳಿಗೇ ಎಂದು ರಾಜಿ ಇಷ್ಟು ದಿನ ತಿಳಿದಿದ್ದಳು.